ಹಳೇ ಮ್ಯಾನಿಫೋಲ್ಡ್, ಹೊಸ ಕಣ್ಣು: ಇಳಕಲ್ಲಿನ ಯುವ ಮೆಕ್ಯಾನಿಕ್‌ಗೆ 14 ಸೂತ್ರಗಳು

ಇಳಕಲ್ ಅಂದರೆ ಹೊರಗಿನವರಿಗೆ ನೆನಪಾಗುವುದು ಎರಡೇ: ಸೀರೆ ಮತ್ತು ಕೆಂಪು ಗ್ರಾನೈಟ್. ಊರಿನವರಿಗೆ ಮೂರನೆಯದೂ ಗೊತ್ತು. ಅದು ಎಂಜಿನ್ ಸದ್ದು. ಕ್ವಾರಿಯಲ್ಲಿ ಕಂಪ್ರೆಸರ್, ಹೊಲದಲ್ಲಿ ಟ್ರ್ಯಾಕ್ಟರ್, ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಬ್ಲಾಕ್ ಹೊತ್ತ ಲಾರಿ. ಇಲ್ಲಿನ ಹುಡುಗರು ದುಡಿಮೆಗೆಂದು ಮಲ್ಪೆಗೋ ಮಂಗಳೂರಿಗೋ ಹೋದರೆ ಅಲ್ಲಿ ಮೀನುಗಾರಿಕೆ ಬೋಟ್. ಎಲ್ಲ ಕಡೆ ಎಂಜಿನ್, ಎಲ್ಲ ಎಂಜಿನ್ನಿನ ಪಕ್ಕದಲ್ಲಿ ಒಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್.

ಅದು ಒಡೆದರೆ ಮಾಲೀಕರು ಹೇಳುವ ಮಾತು ಒಂದೇ: "ಹಳೇದು ಎಲ್ಲಾದ್ರೂ ಸಿಗತೈತೇನು ನೋಡು." ಆ "ನೋಡು" ಇದೆಯಲ್ಲ, ಅದೇ ನಿಮ್ಮ ಪರೀಕ್ಷೆ. ಹೊಸ ಪಾರ್ಟ್ ತರುವುದಕ್ಕೆ ದುಡ್ಡಿದ್ದರೆ ಸಾಕು. ಹಳೆಯದನ್ನು ಆರಿಸಿ ತರುವುದಕ್ಕೆ ಕಣ್ಣು, ಕಿವಿ, ಲೆಕ್ಕ ಮೂರೂ ಬೇಕು. ಈ ಮೂರು ಇರುವ ಹುಡುಗನನ್ನು ಯಾವ ಗ್ಯಾರೇಜಿನವರೂ ಬಿಡುವುದಿಲ್ಲ.

ನೀವು ಐಟಿಐ ವಿದ್ಯಾರ್ಥಿಯೇ? ಗ್ಯಾರೇಜಿನಲ್ಲಿ ಪಾನಾ ಹಿಡಿದು ಎರಡು ವರ್ಷವಾಯಿತೇ? ನಿಮ್ಮದೇ ವರ್ಕ್‌ಶಾಪ್ ತೆರೆಯುವ ಕನಸಿದೆಯೇ? ಹಾಗಾದರೆ ಈ 14 ಸೂತ್ರಗಳನ್ನು ಓದಿ, ಬರೆದುಕೊಳ್ಳಿ, ನಾಳೆಯಿಂದಲೇ ಮಾಡಿ.

1. ಪಾರ್ಟಿನ ಕೆಲಸ ಮೊದಲು ಕಲಿಯಿರಿ, ಅಂಗಡಿಗೆ ಆಮೇಲೆ ಹೋಗಿ

ಪ್ರತಿ ಸಿಲಿಂಡರಿನಿಂದ ಬರುವ ಸುಟ್ಟ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವುದು ಮ್ಯಾನಿಫೋಲ್ಡಿನ ಕೆಲಸ. ಕೆಲಸ ಸರಳ, ಬದುಕು ಕಠಿಣ. ಬೆಳಗ್ಗೆ ತಣ್ಣಗಿರುತ್ತದೆ, ಲೋಡ್ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಕೆಂಡದ ಹಾಗೆ ಕಾಯುತ್ತದೆ.

ಒಂದು ಲೆಕ್ಕ ಮಾಡಿ. ಬೀಡು ಕಬ್ಬಿಣ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ 400 ಡಿಗ್ರಿ ಬಿಸಿ ಏರಿದರೆ 2 ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ದಿನಾ ಇದೇ ಆಟ. ತುದಿಯ ಬೋಲ್ಟ್ ತೂತುಗಳು ಎಷ್ಟೋ ಮ್ಯಾನಿಫೋಲ್ಡ್‌ಗಳಲ್ಲಿ ಕೊಂಚ ದೊಡ್ಡದಾಗಿರುವುದು ಈ ಹಿಗ್ಗುವಿಕೆಗೆ ಜಾಗ ಬಿಡಲೆಂದೇ.

ಕಾರಣ: ಪಾರ್ಟ್ ಹೇಗೆ ಸಾಯುತ್ತದೆ ಎಂದು ಗೊತ್ತಿದ್ದವನಿಗೆ ಮಾತ್ರ ಅದರಲ್ಲಿ ಇನ್ನೆಷ್ಟು ಜೀವ ಉಳಿದಿದೆ ಎಂದು ಗೊತ್ತಾಗುತ್ತದೆ.

2. ಒಣ ಮ್ಯಾನಿಫೋಲ್ಡ್ ಬೇರೆ, ನೀರಿನ ಮ್ಯಾನಿಫೋಲ್ಡ್ ಬೇರೆ

ಟ್ರ್ಯಾಕ್ಟರಿನದು ಬಯಲಿನಲ್ಲಿದೆ, ಗಾಳಿ ಅದನ್ನು ತಣಿಸುತ್ತದೆ. ಬೋಟಿನ ಎಂಜಿನ್ ಮುಚ್ಚಿದ ಗೂಡಿನಲ್ಲಿ ಕೂತಿರುತ್ತದೆ. ಅಲ್ಲಿ ಮ್ಯಾನಿಫೋಲ್ಡ್ ಹಾಗೆ ಕಾದರೆ ಪಕ್ಕದ ಮರ, ಫೈಬರ್, ಡೀಸೆಲ್ ಪೈಪ್ ಎಲ್ಲಕ್ಕೂ ಅಪಾಯ. ಅದಕ್ಕೇ ಬೋಟಿನ ಮ್ಯಾನಿಫೋಲ್ಡಿಗೆ ಎರಡು ಗೋಡೆ ಇರುತ್ತವೆ. ಒಳಗೋಡೆಯ ಒಳಗೆ ಹೊಗೆ, ಎರಡು ಗೋಡೆಗಳ ನಡುವೆ ನೀರು. ಎಷ್ಟೋ ಬೋಟುಗಳಲ್ಲಿ ಮುಂದೆ ರೈಸರ್ ಅಥವಾ ಎಲ್ಬೋದಲ್ಲಿ ನೀರು ಹೊಗೆಯ ಜೊತೆ ಬೆರೆತು ಹೊರಬೀಳುತ್ತದೆ.

ಟ್ರ್ಯಾಕ್ಟರ್ ಮ್ಯಾನಿಫೋಲ್ಡನ್ನು ಬೋಟಿಗೆ ಹಾಕುವ ಸಾಹಸ ಮಾಡಬೇಡಿ. "ಬೋಲ್ಟ್ ಕೂತರೆ ಸಾಕು" ಅನ್ನುವವರ ಮಾತು ಕೇಳಬೇಡಿ. ವಿದೇಶದ ಸ್ಪೀಡ್‌ಬೋಟ್‌ಗಳಲ್ಲಿ ಮರ್ಕ್ಯೂರಿ ಕಂಪನಿಯ ಮರ್‌ಕ್ರೂಸರ್ ಎಂಜಿನ್ ಸಾಮಾನ್ಯ. ಅದಕ್ಕೆ ಬಾರ್, ಆಸ್ಕೊ ಹೆಸರಿನ ಕಂಪನಿಗಳು ಬದಲಿ ಮ್ಯಾನಿಫೋಲ್ಡ್ ಎರಕ ಹೊಯ್ಯುತ್ತವೆ. ಅವುಗಳಲ್ಲೂ ಎಲ್ಲ ರೈಸರ್ ಎಲ್ಲ ಮ್ಯಾನಿಫೋಲ್ಡಿಗೆ ಕೂರುವುದಿಲ್ಲ. ನೀರಿನ ದಾರಿ ಮತ್ತು ಹೊಗೆಯ ದಾರಿ ಒಂದೇ ಗ್ಯಾಸ್ಕೆಟ್ಟಿನಲ್ಲಿ ಹಾದು ಹೋಗುವ ವಿನ್ಯಾಸ ಒಂದು, ಎರಡಕ್ಕೂ ಬೇರೆ ಬೇರೆ ದಾರಿ ಇರುವ ವಿನ್ಯಾಸ ಇನ್ನೊಂದು. ಮೊದಲನೆಯದರಲ್ಲಿ ಗ್ಯಾಸ್ಕೆಟ್ ಸೋತರೆ ನೀರು ಸೀದಾ ಹೊಗೆಯ ಕೊಳವೆಗೆ ಇಳಿಯುತ್ತದೆ. ಜೋಡಿಯನ್ನು ಜೋಡಿಯಾಗಿಯೇ ಕೊಳ್ಳಿ.

ಕಾರಣ: ತಪ್ಪು ಜಾತಿಯ ಪಾರ್ಟ್ ಎಷ್ಟು ಅಗ್ಗವಾಗಿ ಸಿಕ್ಕರೂ ದುಬಾರಿಯೇ.

3. ಅಳತೆ ತೆಗೆದುಕೊಂಡೇ ಹೊರಡಿ

ಮೊಬೈಲಿನಲ್ಲಿ ಎಂಜಿನ್ ಪ್ಲೇಟಿನ ಫೋಟೊ ತೆಗೆಯಿರಿ. ಮ್ಯಾನಿಫೋಲ್ಡಿನ ಮೈಮೇಲೆ ಎರಕದಲ್ಲೇ ಉಬ್ಬಿ ಬಂದ ನಂಬರ್ ಇರುತ್ತದೆ. ವೈರ್ ಬ್ರಶ್‌ನಿಂದ ಉಜ್ಜಿ, ಅದನ್ನು ಬರೆದುಕೊಳ್ಳಿ. ಮ್ಯಾಸಿ 241 ಮೂರು ಸಿಲಿಂಡರಿನದು, ಮಹೀಂದ್ರಾ 575 ನಾಲ್ಕು ಸಿಲಿಂಡರಿನದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದೇ ಕಂಪನಿಯ, ಒಂದೇ ಸಂಖ್ಯೆಯ ಸಿಲಿಂಡರಿನ ಎರಡು ಮಾಡೆಲ್‌ಗಳಲ್ಲಿ ಸೈಲೆನ್ಸರ್ ಕೂರುವ ಬಾಯಿ ಬೇರೆ ದಿಕ್ಕಿಗೆ ತಿರುಗಿರಬಹುದು. ಆ ಫರಕು ಹಳೆಯದನ್ನು ಹೊತ್ತು ತಂದು ಕೂರಿಸುವಾಗ ಕಾಣುತ್ತದೆ.

ಸುಲಭದ ಉಪಾಯ ಇದು: ಹೆಡ್ಡಿನ ಮುಖಕ್ಕೆ ದಪ್ಪ ಕಾಗದ ಒತ್ತಿ ಹಿಡಿಯಿರಿ. ಗ್ರೀಸ್ ಹತ್ತಿದ ಬೆರಳಿನಿಂದ ಅಂಚಿನುದ್ದಕ್ಕೂ ಉಜ್ಜಿ. ಪೋರ್ಟ್, ಬೋಲ್ಟ್ ತೂತು ಎಲ್ಲದರ ಅಚ್ಚು ಕಾಗದದ ಮೇಲೆ ಮೂಡುತ್ತದೆ. ಅದನ್ನು ಕತ್ತರಿಸಿ ಜೇಬಿನಲ್ಲಿಡಿ. ಗುಜರಿಯಲ್ಲಿ ಯಾವ ಮ್ಯಾನಿಫೋಲ್ಡ್ ಕಂಡರೂ ಅಚ್ಚು ಇಟ್ಟು ನೋಡಿ.

ಕಾರಣ: ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಎಳೆಗೆ ಎಳೆ ಕೂಡದಿದ್ದರೆ ಸೀರೆಯೇ ಇಲ್ಲ. ಮಗ್ಗದ ಊರಿನವರಿಗೆ ಅಳತೆಯ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

4. ಹೊಸದರ ಬೆಲೆ ತಿಳಿಯದೆ ಹಳೆಯದರ ಬೆಲೆ ಕೇಳಬೇಡಿ

ಮೊದಲು ಎರಡು ಫೋನ್ ಮಾಡಿ: ಒಂದು ಕಂಪನಿ ಡೀಲರಿಗೆ, ಒಂದು ಲೋಕಲ್ ಮೇಕ್ ಮಾರುವ ಸ್ಪೇರ್ಸ್ ಅಂಗಡಿಗೆ. ಎರಡೂ ಬೆಲೆ ಬರೆದುಕೊಳ್ಳಿ. ಆಮೇಲೆ ಹಳೆಯದರ ಪೂರಾ ಲೆಕ್ಕ ಹಾಕಿ.

ಉದಾಹರಣೆಗೆ ಹೊಸದು 6,000 ರೂಪಾಯಿ ಎಂದಿಟ್ಟುಕೊಳ್ಳಿ. ಹಳೆಯದು 2,500ಕ್ಕೆ ಸಿಕ್ಕಿತು. ಖುಷಿ ಪಡಬೇಡಿ, ಕೂಡಿಸಿ. ಲೇತ್‌ನಲ್ಲಿ ಫೇಸಿಂಗ್ 600, ಹೊಸ ಗ್ಯಾಸ್ಕೆಟ್ 300, ಸ್ಟಡ್ ಮತ್ತು ನಟ್ 400, ಹುಬ್ಬಳ್ಳಿಗೆ ಹೋಗಿಬಂದ ಖರ್ಚು 500. ಮೊತ್ತ 4,300. ಉಳಿದದ್ದು 1,700. ಒಂದು ದಿನ ಕಂಪ್ರೆಸರ್ ನಿಂತರೆ ಕ್ವಾರಿಯಲ್ಲಿ ಕೂಲಿಯವರೆಲ್ಲ ಕೈಕಟ್ಟಿ ಕೂರುತ್ತಾರೆ. ಆ ದಿನದ ನಷ್ಟವನ್ನೂ ಸೇರಿಸಿ ನೋಡಿ.

ನನ್ನ ನಿಯಮ ಹೀಗಿದೆ: ಎಲ್ಲ ಸೇರಿಸಿದ ಮೊತ್ತ ಹೊಸದರ ಬೆಲೆಯ 60% ದಾಟಿದರೆ ಹೊಸದನ್ನೇ ತನ್ನಿ. ಮೇಲಿನ ಲೆಕ್ಕದಲ್ಲಿ ಅದು 70% ದಾಟಿದೆ. ಹಾಗಾದರೆ ಉತ್ತರ ಗೊತ್ತಾಯಿತಲ್ಲ.

ಕಾರಣ: ಮಾಲೀಕರು ನೆನಪಿಡುವುದು ನೀವು ಉಳಿಸಿದ ದುಡ್ಡನ್ನು. ಅಂಗಡಿಯಲ್ಲಿ ನೀವು ಎಷ್ಟು ಚೌಕಾಸಿ ಮಾಡಿದಿರಿ ಎಂಬುದು ಅವರಿಗೆ ಬೇಕಿಲ್ಲ.

5. ಪಾರ್ಟಿನ ಜಾತಕ ಕೇಳಿ

ಮೂರು ಪ್ರಶ್ನೆ ಕೇಳಿ. ಯಾವ ಗಾಡಿಯಿಂದ ಬಿಚ್ಚಿದ್ದು? ಯಾಕೆ ಬಿಚ್ಚಿದ್ದು? ಬಿಚ್ಚಿ ಎಷ್ಟು ದಿನವಾಯಿತು?

ಅಪಘಾತದಲ್ಲಿ ಹಿಂಭಾಗ ಜಜ್ಜಿದ ಲಾರಿಯ ಎಂಜಿನ್ ಪಾರ್ಟ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಓವರ್‌ಹೀಟ್ ಆಗಿ ಹೆಡ್ ಹೋದ ಎಂಜಿನ್ನಿನದು ಸೊಟ್ಟಾಗಿರುವ ಸಾಧ್ಯತೆ ಹೆಚ್ಚು. ಬೋಟಿನದಾದರೆ ನಾಲ್ಕನೆಯ ಪ್ರಶ್ನೆಯೂ ಇದೆ: ಸಮುದ್ರದಲ್ಲಿ ಓಡಿದ್ದೋ, ಹೊಳೆಯಲ್ಲಿ ಓಡಿದ್ದೋ? ಉಪ್ಪುನೀರು ಬೀಡು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಿಂಚುತ್ತಿರುತ್ತದೆ, ಒಳಗಿನ ಗೋಡೆ ಹಪ್ಪಳದಷ್ಟು ತೆಳುವಾಗಿರುತ್ತದೆ. ಸೀದಾ ಸಮುದ್ರದ ನೀರಿನಿಂದ ತಣಿಯುತ್ತಿದ್ದ ಹಳೇ ಮ್ಯಾನಿಫೋಲ್ಡನ್ನು ಕೊಳ್ಳಲೇಬೇಡಿ. ಕೃಷ್ಣೆಯಂಥ ಸಿಹಿನೀರಿನಲ್ಲಿ ಓಡಿದ್ದನ್ನು ಪರೀಕ್ಷೆ ಮಾಡಿ ಕೊಳ್ಳಬಹುದು.

ಕಾರಣ: ಮಾರುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಬೆಲೆ ಇಳಿಸುವ ಹಕ್ಕು ನಿಮ್ಮದು.

6. ಬಡಿದು ಕೇಳಿ

ಕ್ವಾರಿಯಲ್ಲಿ ಅನುಭವಿ ಕೆಲಸಗಾರ ಬ್ಲಾಕಿನ ಮೇಲೆ ಸುತ್ತಿಗೆ ತಟ್ಟಿ ಕಿವಿಗೊಡುವುದನ್ನು ನೋಡಿದ್ದೀರಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ. ನಿಮ್ಮ ಅವ್ವ ಸಂತೆಯಲ್ಲಿ ಮಣ್ಣಿನ ಗಡಿಗೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವುದೂ ಇದೇ ವಿದ್ಯೆ. ಬೀಡು ಕಬ್ಬಿಣಕ್ಕೂ ಇದು ಸಲ್ಲುತ್ತದೆ.

ಮ್ಯಾನಿಫೋಲ್ಡನ್ನು ನೆಲದ ಮೇಲಿಟ್ಟು ಬಡಿಯಬೇಡಿ, ನೆಲ ಸದ್ದನ್ನು ನುಂಗುತ್ತದೆ. ಬೋಲ್ಟ್ ತೂತಿಗೆ ತಂತಿ ಹಾಕಿ ತೂಗುಹಾಕಿ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಾಲ್ಕೈದು ಕಡೆ ತಟ್ಟಿ.

ಅಂಗಡಿಯಲ್ಲಿ ಮಾತು ಹೀಗೆ ನಡೆಯುತ್ತದೆ:

"ಕಾಕಾ, ಒಮ್ಮೆ ಬಡದು ನೋಡ್ಲೇನ್ರೀ?"

"ಬಡಿಯಪಾ. ಒಡದ್ರ ನಿಂದ."

"ಇಷ್ಟಕ್ಕ ಒಡದ್ರ ಅದು ಮೊದಲ ಒಡದಿತ್ತಂತ ಅರ್ಥ ರೀ ಕಾಕಾ."

ಕಾಕಾ ನಗುತ್ತಾರೆ. ಆ ನಗೆಯೊಂದಿಗೆ ನೀವು ಗಿರಾಕಿಯಿಂದ ಮೇಸ್ತ್ರಿಯ ದರ್ಜೆಗೆ ಏರಿದಿರಿ.

ಕಾರಣ: ಕಣ್ಣಿಗೆ ಬಣ್ಣ ಮೋಸ ಮಾಡಬಹುದು, ಕಿವಿಗೆ ಮೋಸ ಮಾಡುವುದು ಕಷ್ಟ. ಆದರೂ ಇದನ್ನೇ ಕೊನೆಯ ತೀರ್ಪು ಮಾಡಿಕೊಳ್ಳಬೇಡಿ. ಕೂದಲಿನಷ್ಟು ಸಣ್ಣ ಬಿರುಕು ಕಿವಿಯನ್ನೂ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಮುಂದಿನ ಸೂತ್ರ.

7. ಸೀಮೆಎಣ್ಣೆ, ಸೀಮೆಸುಣ್ಣದ ಪುಡಿ: ಬಿರುಕನ್ನು ಹೊರಗೆಳೆಯಿರಿ

ಅನುಮಾನ ಬಂದ ಜಾಗವನ್ನು ವೈರ್ ಬ್ರಶ್‌ನಿಂದ ಚೊಕ್ಕ ಮಾಡಿ. ಸೀಮೆಎಣ್ಣೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಅರಿವೆಯಿಂದ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಇದೇ ಕೆಲಸಕ್ಕೆ ಡೈ ಪೆನೆಟ್ರಂಟ್ ಸ್ಪ್ರೇ ಇರುತ್ತದೆ: ಕೆಂಪು ಬಣ್ಣ ಒಳಗಿಳಿಯುತ್ತದೆ, ಬಿಳಿ ಡೆವಲಪರ್ ಅದನ್ನು ಹೊರಗೆಳೆಯುತ್ತದೆ. ಸೂತ್ರ ಒಂದೇ, ಖರ್ಚು ಬೇರೆ.

ನಾಲ್ಕು ಕಡೆ ತಪ್ಪದೆ ನೋಡಿ: ಎರಡು ಪೋರ್ಟ್‌ಗಳ ನಡುವಿನ ಸೇತುವೆ, ಬೋಲ್ಟ್ ತೂತಿನ ಸುತ್ತ, ಸೈಲೆನ್ಸರ್ ಕೂರುವ ಬಾಯಿಯ ಬುಡ, ಟರ್ಬೊ ಇದ್ದರೆ ಅದರ ಭಾರ ಹೊರುವ ಮೂಲೆ. ಮೈಮೇಲೆ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿಂದ ಹೊಗೆ ಸೋರಿದೆ ಎಂದೇ ಲೆಕ್ಕ.

ಕಾರಣ: ತಣ್ಣಗಿದ್ದಾಗ ಕಾಣದ ಬಿರುಕು ಬಿಸಿಯಲ್ಲಿ ಬಾಯಿ ಬಿಡುತ್ತದೆ. ಅದು ಲೋಡಿನ ಮೇಲೆ ಬಾಯಿ ಬಿಡುವ ಮೊದಲು ನೀವೇ ಬಿಡಿಸಿ.

8. ಮುಖ ಸಪಾಟಾಗಿದೆಯೇ? ಗ್ರಾನೈಟಿನ ಮೇಲಿಡಿ

ಇಳಕಲ್ಲಿನವರಿಗೆ ಇಲ್ಲಿ ಒಂದು ಲಾಭವಿದೆ. ಜಗತ್ತಿನ ಒಳ್ಳೆಯ ಅಳತೆ ಕೋಣೆಗಳಲ್ಲಿ ಸರ್ಫೇಸ್ ಪ್ಲೇಟ್ ಮಾಡುವುದು ಗ್ರಾನೈಟಿನಿಂದಲೇ. ಅದು ತುಕ್ಕು ಹಿಡಿಯುವುದಿಲ್ಲ, ಬಿಸಿಗೆ ಹೆಚ್ಚು ಹಿಗ್ಗುವುದಿಲ್ಲ. ನಿಮ್ಮೂರಿನ ಪಾಲಿಶಿಂಗ್ ಫ್ಯಾಕ್ಟರಿಯ ಹೊರಗೆ ಬಿದ್ದ ದಪ್ಪ ತುಂಡು ಅಷ್ಟು ನಿಖರವಲ್ಲ, ಆದರೆ ಮೊದಲ ಪರೀಕ್ಷೆಗೆ ಸಾಕು. ಅದು ಸಪಾಟಾಗಿದೆಯೇ ಎಂದು ಮೊದಲು ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಗ್ಯಾರೇಜಿನ ಮೂಲೆಯಲ್ಲಿ ಇಟ್ಟುಕೊಳ್ಳಿ.

ಮ್ಯಾನಿಫೋಲ್ಡಿನ ಮುಖವನ್ನು ಅದರ ಮೇಲೆ ಬೋರಲು ಹಾಕಿ. ಮೂಲೆ ಒತ್ತಿದರೆ ಟಕ್ ಟಕ್ ಎಂದು ಅಲುಗುತ್ತದೆಯೇ? ಸೊಟ್ಟಾಗಿದೆ. ಫೀಲರ್ ಗೇಜಿನ 0.10 ಮಿ.ಮೀ. ಎಲೆಯನ್ನು ಅಂಚಿನ ಕೆಳಗೆ ತೂರಿಸಿ. ತೂರದಿದ್ದರೆ ಬಹಳ ಚೆನ್ನಾಗಿದೆ. ತೂರಿದರೆ ದಪ್ಪ ಎಲೆ ಹಾಕುತ್ತಾ ಹೋಗಿ, ಎಲ್ಲಿ ನಿಂತಿತು ಎಂದು ಬರೆಯಿರಿ. ಎಂಜಿನ್ ಮ್ಯಾನ್ಯುಯಲ್ ಹೇಳುವ ಮಿತಿಯೊಂದಿಗೆ ಹೋಲಿಸಿ. ಸ್ವಲ್ಪ ಹೆಚ್ಚಿದ್ದರೆ ಫೇಸಿಂಗ್ ಸಾಕು. ಒಂದು ಮಿಲಿಮೀಟರ್ ಹತ್ತಿರ ಬಂದರೆ ವಾಪಸ್ ಕೊಡಿ.

ಕಾರಣ: ಸೊಟ್ಟ ಮುಖವನ್ನು ಬೋಲ್ಟ್ ಬಿಗಿದು ನೇರ ಮಾಡಲು ಹೋದರೆ ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ.

9. ಬೋಟಿನದಾದರೆ ಪಂಕ್ಚರ್ ಅಂಗಡಿಯ ಪರೀಕ್ಷೆ ಮಾಡಿಸಿ

ಎರಡು ಗೋಡೆಯ ಮ್ಯಾನಿಫೋಲ್ಡಿನ ಒಳಗೋಡೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗಾಳಿಯ ಸಾಕ್ಷಿ ಬೇಕು. ನೀರಿನ ದಾರಿಯ ತೂತುಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟ್ ಹಾಕಿ ಮುಚ್ಚಿ. ಒಂದರಲ್ಲಿ ವಾಲ್ವ್ ಕೂರಿಸಿ. ಕೈಪಂಪಿನಿಂದ 15 ಪಿಎಸ್‌ಐ ಆಸುಪಾಸು ಗಾಳಿ ತುಂಬಿ. ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಗುಳ್ಳೆ ಇಲ್ಲದಿದ್ದರೆ ಗೇಜಿನ ಮುಳ್ಳು ಕಾಲು ಗಂಟೆ ಅಲುಗದೆ ನಿಲ್ಲುತ್ತದೆಯೇ ನೋಡಿ. ಕ್ವಾರಿಯ ಕಂಪ್ರೆಸರ್ ಗಾಳಿಯನ್ನು ಸೀದಾ ಹಾಯಿಸಬೇಡಿ. ತುಕ್ಕು ಹಿಡಿದ ಬೀಡು ಸಿಡಿದರೆ ಬಾಂಬಿನಂತೆ ಚೂರಾಗುತ್ತದೆ.

ಜೊತೆಗೆ ತೂಕವನ್ನೂ ನೋಡಿ. ಅದೇ ಮಾಡೆಲ್ಲಿನ ಹೊಸದರ ತೂಕ ಡೀಲರ್ ಹತ್ತಿರ ಕೇಳಿ, ಹಳೆಯದನ್ನು ತಕ್ಕಡಿಗೆ ಹಾಕಿ. ಕಡಿಮೆಯಾದಷ್ಟು ಕಬ್ಬಿಣ ತುಕ್ಕಾಗಿ ನೀರಿಗೆ ಹೋಗಿದೆ ಎಂದರ್ಥ.

ಕಾರಣ: ಒಳಗೋಡೆ ತೂತಾದರೆ ನೀರು ಎಕ್ಸಾಸ್ಟ್ ವಾಲ್ವಿನ ದಾರಿಯಿಂದ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಮಾರನೆಯ ಬೆಳಗ್ಗೆ ಸ್ಟಾರ್ಟ್ ಒತ್ತಿದ ಕ್ಷಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಮ್ಯಾನಿಫೋಲ್ಡಿನ ಉಳಿತಾಯಕ್ಕೆ ಇಡೀ ಎಂಜಿನ್ ಬಲಿ.

10. ಹೊಸ ಪೇಂಟ್ ಕಂಡರೆ ಉಜ್ಜಿ, ಹಳೇ ವೆಲ್ಡಿಂಗ್ ಕಂಡರೆ ನಿಲ್ಲಿ

ಹಳೇ ಪಾರ್ಟಿಗೆ ಸಿಲ್ವರ್ ಪೇಂಟ್ ಬಳಿದಿದ್ದರೆ ಮೊದಲು ಕೇಳಿ: ಯಾಕೆ? ಒಂದು ಮೂಲೆ ಉಜ್ಜಿ ನೋಡಲು ಬಿಡದ ಅಂಗಡಿಯಿಂದ ಹೊರಗೆ ಬನ್ನಿ.

ಬೀಡು ಕಬ್ಬಿಣದಲ್ಲಿ 2ರಿಂದ 4% ಇಂಗಾಲ ಇರುತ್ತದೆ. ಅದಕ್ಕೇ ಅದು ಸಾದಾ ವೆಲ್ಡಿಂಗಿಗೆ ಒಲಿಯುವುದಿಲ್ಲ. ನಿಧಾನಕ್ಕೆ ಕಾಯಿಸಿ, ನಿಕ್ಕಲ್ ರಾಡ್ ಹಾಕಿ, ನಿಧಾನಕ್ಕೆ ಆರಿಸಬೇಕು. ಹಾಗೆ ಮಾಡಬಲ್ಲ ಕೈಗಳಿವೆ, ಆದರೆ ಕಡಿಮೆ. ಅವಸರದ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು ಹುಟ್ಟಿಸುತ್ತದೆ. ಪೋರ್ಟ್‌ಗಳ ನಡುವೆ ವೆಲ್ಡಿಂಗ್ ಗಂಟು ಕಂಡರೆ ಬೆಲೆ ಎಷ್ಟೇ ಇರಲಿ, ಬೇಡ ಅನ್ನಿ.

ಕಾರಣ: ಬೇಡ ಅನ್ನುವುದೂ ಒಂದು ಸ್ಕಿಲ್. ಅದನ್ನು ಇಪ್ಪತ್ತರ ವಯಸ್ಸಿನಲ್ಲೇ ಕಲಿಯಿರಿ.

11. ಸ್ಟಡ್, ಥ್ರೆಡ್, ಸಣ್ಣ ತೂತು ಬಿಡಬೇಡಿ

ಸೈಲೆನ್ಸರ್ ಕೂರುವ ಬಾಯಿಯಲ್ಲಿ ಮುರಿದ ಸ್ಟಡ್ ಒಳಗೇ ಉಳಿದಿದೆಯೇ ನೋಡಿ. ಒಂದು ಹೊಸ ಬೋಲ್ಟ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಪ್ರತಿ ತೂತಿಗೂ ಬೆರಳಿನಿಂದಲೇ ತಿರುಗಿಸಿ. ಸಲೀಸಾಗಿ ಇಳಿದರೆ ಸರಿ. ಸಡಿಲಾಗಿ ಅಲ್ಲಾಡಿದರೆ ಥ್ರೆಡ್ ಸವೆದಿದೆ, ರಿಪೇರಿ ಖರ್ಚು ಕೂಡಿಸಿ. ಟಾರ್ಚ್ ಹಾಕಿ ಒಳಗೆ ನೋಡಿ. ಒಣ ಮಸಿ ಇದ್ದರೆ ಚಿಂತೆ ಇಲ್ಲ. ಎಣ್ಣೆಯ ಜಿಗುಟು ಗಟ್ಟಿಯಾಗಿ ಕೂತಿದ್ದರೆ ಆ ಎಂಜಿನ್ ಆಯಿಲ್ ಕುಡಿಯುತ್ತಿತ್ತು.

ಕಾರಣ: ದೊಡ್ಡ ಕೆಲಸ ನಿಲ್ಲುವುದು ಸಣ್ಣ ಬೋಲ್ಟಿಗೆ.

12. ಬಿಲ್ ಇಲ್ಲದೆ ಬಾಗಿಲು ದಾಟಬೇಡಿ

ಹುಬ್ಬಳ್ಳಿಯ ಗುಜರಿಯಿರಲಿ, ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ಮುಂಬೈ ಕುರ್ಲಾ ಇರಲಿ, ಚೆನ್ನೈನ ಪುದುಪೇಟೆ ಇರಲಿ, ನಿಯಮ ಒಂದೇ. ಅಂಗಡಿಯ ಹೆಸರು, ತಾರೀಖು, ಎರಕದ ನಂಬರ್, ದುಡ್ಡು, ಈ ನಾಲ್ಕೂ ಚೀಟಿಯಲ್ಲಿರಲಿ. "ಬಿರುಕು ಕಂಡರೆ ಏಳು ದಿನದೊಳಗೆ ವಾಪಸ್" ಎಂಬ ಒಂದು ಸಾಲು ಬರೆಸಿಕೊಳ್ಳಿ. ಬಾಯಿಮಾತು ಸಂಜೆಗೆ ಮರೆತುಹೋಗುತ್ತದೆ.

ಕದ್ದ ಗಾಡಿಯ ಬಿಡಿಭಾಗ ಎಂದು ಗೊತ್ತಿದ್ದೂ ಕೊಂಡರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕದ್ದ ಮಾಲನ್ನು ಕುರಿತದ್ದು.

ಕಾರಣ: ನಿಮ್ಮ ಹೆಸರಿಗೆ ಹತ್ತಿದ ಮಸಿಯನ್ನು ಯಾವ ಡೀಸೆಲ್ಲೂ ತೊಳೆಯುವುದಿಲ್ಲ.

13. ಕೂರಿಸುವುದರಲ್ಲಿದೆ ಅರ್ಧ ಯಶಸ್ಸು

ಹೆಡ್ಡಿನ ಮುಖದಲ್ಲಿ ಹಳೇ ಗ್ಯಾಸ್ಕೆಟ್ಟಿನ ಚೂರೂ ಉಳಿಯಬಾರದು. ಗ್ಯಾಸ್ಕೆಟ್ ಹೊಸದೇ ಇರಲಿ, ಹಳೆಯದನ್ನು ಎರಡನೇ ಸಲ ಹಾಕಬೇಡಿ. ಮೊದಲು ಎಲ್ಲ ನಟ್‌ಗಳನ್ನು ಕೈಯಿಂದ ಕೂರಿಸಿ. ಆಮೇಲೆ ನಡುವಿನಿಂದ ಶುರುಮಾಡಿ ತುದಿಗಳ ಕಡೆ ಹೋಗಿ. ಒಂದೇ ಸಲಕ್ಕೆ ಬಿಗಿಯಬೇಡಿ, ಮೂರು ಸುತ್ತಿನಲ್ಲಿ ಬಿಗಿಯಿರಿ. ಟಾರ್ಕ್ ಎಷ್ಟು ಎಂದು ಮ್ಯಾನ್ಯುಯಲ್ ನೋಡಿ, ಅಂದಾಜಿನಲ್ಲಿ ಬಿಗಿಯಬೇಡಿ.

ಮಾರನೆಯ ದಿನ ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದು, ಬಿಸಿಯಾದಂತೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಇಳಿಯುತ್ತದೆ. ಇದನ್ನು "ಸರಿಹೋಯ್ತು" ಎಂದುಕೊಳ್ಳಬೇಡಿ.

ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ತೆರೆದಿಡಿ.

ಇನ್ನು ಜನರನ್ನು ಕೂರಿಸುವ ದೋಣಿಯ ಮಾತು. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿದೆ. ಅಂಥ ನೀರಿನ ನಡುವೆ ಎಂಜಿನ್ ಕೆಟ್ಟರೆ ಇಳಿದು ತಳ್ಳಲು ರಸ್ತೆಯಿಲ್ಲ. ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ಸರ್ವೆ, ನೋಂದಣಿ ಬೇಕು. ಪ್ರಯಾಣಿಕರ ದೋಣಿಯ ಎಂಜಿನ್ನಿಗೆ ಪ್ರೆಶರ್ ಪರೀಕ್ಷೆ ಪಾಸಾಗದ ಹಳೇ ಮ್ಯಾನಿಫೋಲ್ಡ್ ಹಾಕಿ ಎಂದು ಯಾರೇ ಹೇಳಲಿ, ಕೈ ಹಚ್ಚಬೇಡಿ.

ಕಾರಣ: ಒಳ್ಳೆಯ ಪಾರ್ಟನ್ನೂ ಕೆಟ್ಟ ಕೈ ಒಂದೇ ದಿನದಲ್ಲಿ ಗುಜರಿ ಮಾಡುತ್ತದೆ.

14. ಅನುಮಾನವನ್ನು ಜೋಳಿಗೆಗೆ ಹಾಕಿ, ನೋಟ್‌ಬುಕ್ ಕೈಗೆತ್ತಿಕೊಳ್ಳಿ

"ನನಗೆ ಇದೆಲ್ಲ ಗೊತ್ತಾಗತೈತಾ?" "ಹಿರಿಯರ ಮುಂದೆ ನಾ ಹೆಂಗ ಹೇಳ್ಲಿ?" ಈ ಮಾತುಗಳು ತಂಬಾಕಿನ ಚಟ ಇದ್ದ ಹಾಗೆ, ದಿನಾ ಹಾಕಿಕೊಂಡರೆ ಬಿಡುವುದು ಕಷ್ಟ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರಿಂದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಅದೇ ಊರಿನವರು ನೀವು. ಅಂಜಿಕೆಯ ಚಟವನ್ನೂ ಆ ಜೋಳಿಗೆಗೆ ಹಾಕಿಬಿಡಿ.

ಬೆಳಗಾವಿಯ ಕಡೆ ನೋಡಿ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದರು. ಕಬ್ಬಿಣದ ನೇಗಿಲು ಮಾಡಿದಾಗ ಅದು ಮಣ್ಣಿಗೆ ವಿಷ ಎಂದು ರೈತರು ಅನುಮಾನಪಟ್ಟರು. ಅವರು ವಾದ ಮಾಡುತ್ತಾ ಕೂರಲಿಲ್ಲ, ನೇಗಿಲು ಮಾಡುತ್ತಲೇ ಹೋದರು. 1910ರಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದು ನಿಂತಿತು. ಇವತ್ತು ನೀವು ಪಾನಾ ಹಿಡಿಯುವ ಎಷ್ಟೋ ಎಂಜಿನ್‌ಗಳ ಮೇಲೆ ಅದೇ ಹೆಸರಿದೆ.

ನೀವು ಮಾಡಬೇಕಾದದ್ದು ಇಷ್ಟೇ. 100 ಪುಟದ ಒಂದು ನೋಟ್‌ಬುಕ್ ಕೊಳ್ಳಿ. ನೋಡಿದ ಪ್ರತಿ ಹಳೇ ಪಾರ್ಟಿಗೂ ಒಂದು ಪುಟ ಕೊಡಿ. ಎಂಜಿನ್ ಮಾಡೆಲ್, ಎರಕದ ನಂಬರ್, ಬಡಿದಾಗಿನ ಸದ್ದು, ಫೀಲರ್ ಗೇಜಿನ ಅಳತೆ, ಕೊಟ್ಟ ದುಡ್ಡು ಬರೆಯಿರಿ. ಆರು ತಿಂಗಳ ನಂತರ ಅದೇ ಪುಟಕ್ಕೆ ಮರಳಿ ಒಂದು ಸಾಲು ಸೇರಿಸಿ: ಓಡಿತೋ, ಒಡೆಯಿತೋ. ತಪ್ಪಿದ್ದನ್ನು ಅಳಿಸಬೇಡಿ. ತಪ್ಪಿದ ಪುಟವೇ ಹೆಚ್ಚು ಕಲಿಸುತ್ತದೆ.

ಕಾರಣ: ನೆನಪಿನಲ್ಲಿದ್ದ ಅನುಭವ ನಿಮ್ಮೊಬ್ಬರದು. ಬರೆದಿಟ್ಟ ಅನುಭವವನ್ನು ಸಂದರ್ಶನಕ್ಕೂ ಒಯ್ಯಬಹುದು, ಬ್ಯಾಂಕಿನ ಮ್ಯಾನೇಜರ್ ಮುಂದೆಯೂ ಇಡಬಹುದು, ನಾಳೆ ನಿಮ್ಮ ಕೈಕೆಳಗೆ ಕಲಿಯಲು ಬರುವ ಹುಡುಗನಿಗೂ ಕೊಡಬಹುದು.

ಅಂಗಡಿಗೆ ಹೊರಡುವ ಮೊದಲು ಚೀಲದಲ್ಲಿ ಇವು ಇರಲಿ

ಕಾಗದದ ಅಚ್ಚು. ಹಳೇ ಗ್ಯಾಸ್ಕೆಟ್. ಸಣ್ಣ ಸುತ್ತಿಗೆ, ಒಂದು ತುಂಡು ತಂತಿ. ವೈರ್ ಬ್ರಶ್. ಸ್ಟೀಲ್ ಸ್ಕೇಲ್, ಫೀಲರ್ ಗೇಜ್. ಸೀಮೆಎಣ್ಣೆ ಬಾಟಲಿ, ಸೀಮೆಸುಣ್ಣ, ಅರಿವೆ. ಟಾರ್ಚ್. ಅಳತೆಯ ಒಂದು ಬೋಲ್ಟ್. ನೋಟ್‌ಬುಕ್, ಪೆನ್ನು. ಎಲ್ಲ ಸೇರಿ ಒಂದು ಕೈಚೀಲದಲ್ಲಿ ಹಿಡಿಯುತ್ತದೆ.

ಈ ಭಾನುವಾರ ಹತ್ತಿರದ ಗುಜರಿಗೆ ಹೋಗಿ. ಕೊಳ್ಳಬೇಡಿ, ಬರೀ ಐದು ಮ್ಯಾನಿಫೋಲ್ಡ್ ಪರೀಕ್ಷೆ ಮಾಡಿ. ಐದು ಪುಟ ಬರೆಯಿರಿ. ಮುಂದಿನ ಸಲ ಮಾಲೀಕರು "ಹಳೇದು ನೋಡು" ಎಂದಾಗ, ನೋಡುವುದು ಹೇಗೆಂದು ನಿಮಗೆ ಗೊತ್ತಿರುತ್ತದೆ.